ಛತ್ರದವನ ಕೈಕೆಳಗೆ ಒಂದು ವರ್ಷ

ಪ್ರವಾಹ, ಭೂಕಂಪ, ಚಂಡಮಾರುತಗಳ ಸುದ್ದಿ ಬಂದಾಗಲೆಲ್ಲ ನಮ್ಮ ದೇವಾಲಯಗಳಲ್ಲಿ ವಿಶೇಷ ಕಾಣಿಕೆ ಎತ್ತುವುದು ವಾಡಿಕೆ. ಭಾನುವಾರದ ಬಲಿಪೂಜೆಯಲ್ಲಿ ಸಂತ್ರಸ್ತರಿಗಾಗಿ ಪ್ರಾರ್ಥಿಸುತ್ತೇವೆ, ಕೈಲಾದಷ್ಟು ಹಣ ನೀಡುತ್ತೇವೆ, ಬಟ್ಟೆಬರೆ ಕಟ್ಟಿ ಕಳುಹಿಸುತ್ತೇವೆ. ಈಗ ಇದಕ್ಕೆ ಮತ್ತೊಂದು ಬಗೆಯ ಕೊಡುಗೆಯೂ ಸೇರಿಕೊಂಡಿದೆ. ಪದವಿ ಮುಗಿಸಿದ ಯುವಕ ಯುವತಿಯರಲ್ಲಿ ಕೆಲವರು ಉದ್ಯೋಗಕ್ಕೆ ಸೇರುವ ಮುನ್ನ ಆರು ತಿಂಗಳನ್ನೋ ಒಂದು ವರ್ಷವನ್ನೋ ಕ್ರೈಸ್ತ ಪರಿಹಾರ ಸಂಸ್ಥೆಯೊಂದರಲ್ಲಿ ‘ಇಂಟರ್ನ್’ ಆಗಿ, ಎಂದರೆ ಕೆಲಸ ಕಲಿಯುತ್ತಲೇ ಸೇವೆ ಸಲ್ಲಿಸುವವರಾಗಿ ಕಳೆಯಬಯಸುತ್ತಾರೆ.

ಮನೆಯಲ್ಲಿ ಮಗಳು ಈ ಮಾತೆತ್ತಿದಾಗ ಹೆತ್ತವರ ಮನಸ್ಸಿನಲ್ಲಿ ಎರಡು ಭಾವಗಳು ಒಟ್ಟಿಗೇ ಏಳುತ್ತವೆ. ಒಂದು ಹೆಮ್ಮೆ, ಇನ್ನೊಂದು ಅಂಜಿಕೆ. ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದು ಫಲ ಕೊಟ್ಟಿತಲ್ಲಾ ಎಂಬ ಸಂತೋಷ ಒಂದೆಡೆ. ಭಾಷೆ ತಿಳಿಯದ ಊರಿನಲ್ಲಿ, ರೋಗರುಜಿನಗಳ ನಡುವೆ ಮಗುವಿನ ಗತಿಯೇನು ಎಂಬ ಚಿಂತೆ ಇನ್ನೊಂದೆಡೆ. ಆದರೆ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ನಾವು ಬಹುಮಟ್ಟಿಗೆ ಕೇಳುವುದೇ ಇಲ್ಲ. ನಮ್ಮ ಮಗ ಅಥವಾ ಮಗಳು ಹೋಗುವುದರಿಂದ ಅಲ್ಲಿಯ ಜನರಿಗೆ ಆಗುವ ಪ್ರಯೋಜನವೇನು? ಈ ವಾರ ನಾವು ಎತ್ತಿಕೊಂಡಿರುವುದು ಈ ಮೂರನೆಯ ಪ್ರಶ್ನೆಯನ್ನೇ. ಇದಕ್ಕೆ ಉತ್ತರ ಹುಡುಕಲು ಫಿಲಿಪ್ಪೀನ್ಸ್ ದೇಶದ ಲೆಯ್ಟೆ ದ್ವೀಪಕ್ಕಿಂತ ತಕ್ಕ ಸ್ಥಳ ಬೇರೊಂದಿರಲಾರದು.

ನಮಗೆ ಅಪರಿಚಿತರಲ್ಲ

ಫಿಲಿಪ್ಪೀನ್ಸ್ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಿಗೆ ತೀರ ದೂರದ ದೇಶವಲ್ಲ. ಕುವೈತ್, ದುಬೈಗಳಲ್ಲಿ ದುಡಿಯುವ ನಮ್ಮವರು ಕೊಂಕಣಿ ಬಲಿಪೂಜೆ ಮುಗಿಸಿ ಹೊರಬರುವಾಗ, ಅದೇ ದೇವಾಲಯದಲ್ಲಿ ಮುಂದಿನ ಪೂಜೆಗೆಂದು ಕಾದು ನಿಂತಿರುವವರು ಎಷ್ಟೋ ವೇಳೆ ಫಿಲಿಪ್ಪೀನ್ಸಿನವರೇ. ಆಸ್ಪತ್ರೆಗಳಲ್ಲಿ ನಮ್ಮ ದಾದಿಯರ ಜೊತೆ ಒಂದೇ ಪಾಳಿಯಲ್ಲಿ ಕೆಲಸ ಮಾಡುವವರೂ ಅವರೇ.

ಏಳು ಸಾವಿರದ ಆರುನೂರಕ್ಕೂ ಹೆಚ್ಚು ದ್ವೀಪಗಳ ಆ ದೇಶದಲ್ಲಿ ಲೆಯ್ಟೆಗೂ ಅದರ ನೆರೆಯ ಸಮಾರ್ ದ್ವೀಪಕ್ಕೂ ವಿಶ್ವಾಸದ ಇತಿಹಾಸದಲ್ಲಿ ವಿಶೇಷ ಸ್ಥಾನವುಂಟು. 1521ರ ಮಾರ್ಚ್ ತಿಂಗಳಲ್ಲಿ ಮೆಗಲ್ಲನನ ಹಡಗುಗಳು ಸಮಾರಿನ ದಕ್ಷಿಣದ ಹೊಮೊನ್ಹೋನ್ ಎಂಬ ಕಿರುದ್ವೀಪಕ್ಕೆ ಬಂದವು. ಅದೇ ತಿಂಗಳ 31ರಂದು, ಪಾಸ್ಕ ಹಬ್ಬದ ಭಾನುವಾರ, ಲೆಯ್ಟೆಯ ದಕ್ಷಿಣಕ್ಕಿರುವ ಲಿಮಸಾವಾ ದ್ವೀಪದಲ್ಲಿ ಆ ನಾಡಿನ ಮೊದಲ ಪಾಸ್ಕ ಬಲಿಪೂಜೆ ಅರ್ಪಿತವಾಯಿತು. 2021ರಲ್ಲಿ ಆ ದೇಶದ ಧರ್ಮಸಭೆ ಇದರ ಐನೂರನೆಯ ವರ್ಷವನ್ನು ಆಚರಿಸಿತು.

ತೆಂಗು, ಭತ್ತ, ಮೀನುಗಾರಿಕೆ ಇವೇ ಅಲ್ಲಿಯ ಬದುಕು. ಕಡಲಂಚಿನ ತೆಂಗಿನ ತೋಟ, ತಗ್ಗಿನ ಗದ್ದೆ, ದಡದಲ್ಲಿ ಮಗುಚಿಟ್ಟ ದೋಣಿ, ಹಳೆಯ ದೇವಾಲಯ. ಉಡುಪಿ, ಕುಂದಾಪುರದ ಕಡೆಯವರಿಗೆ ತಮ್ಮೂರನ್ನೇ ಕಂಡಂತಾದೀತು. ವ್ಯತ್ಯಾಸವೆಂದರೆ ಆ ದೇಶದ ಕಡಲ ಎಲ್ಲೆಯೊಳಗೆ ಪ್ರತಿವರ್ಷ ಸರಾಸರಿ 20 ಚಂಡಮಾರುತಗಳು ಹಾದುಹೋಗುತ್ತವೆ.

ಅರ್ಥವಾಗದ ಒಂದು ಮಾತು

2013ರ ನವೆಂಬರ್ 8ರ ಮುಂಜಾವದಲ್ಲಿ ‘ಹೈಯಾನ್’ ಎಂಬ ಚಂಡಮಾರುತ, ಅಲ್ಲಿಯವರು ‘ಯೊಲಾಂಡಾ’ ಎಂದು ಕರೆದದ್ದು, ಸಮಾರಿನ ಗಿವಾನ್ ಪಟ್ಟಣದ ಬಳಿ ಭೂಮಿಯನ್ನು ಮುಟ್ಟಿತು. ಗಾಳಿಯ ವೇಗ ಗಂಟೆಗೆ 300 ಕಿಲೋಮೀಟರನ್ನು ಮೀರಿತ್ತೆಂದು ಅಂದಾಜು. ಕಡಲ ಚಿಪ್ಪುಗಳಿಂದ ಒಳಗೋಡೆಗಳನ್ನು ಅಲಂಕರಿಸಿದ್ದ ಗಿವಾನಿನ ಪುರಾತನ ದೇವಾಲಯ ಕುಸಿಯಿತು. ಕೆಲವೇ ಹೊತ್ತಿನಲ್ಲಿ ಮಾರುತ ಲೆಯ್ಟೆಯನ್ನು ಹೊಕ್ಕಿತು. ಟಕ್ಲೊಬಾನ್ ನಗರದ ಮೇಲೆ ಕಡಲೇ ಎದ್ದು ಬಂದಿತು. ಕೆಲವೆಡೆ ನೀರಿನ ಎತ್ತರ 5 ಮೀಟರನ್ನು ದಾಟಿತು. ಸರಕಾರದ ಲೆಕ್ಕದಂತೆ ಒಟ್ಟು ಸತ್ತವರು 6,300. ಸಾವಿರಕ್ಕೂ ಹೆಚ್ಚು ಮಂದಿಯ ಸುಳಿವು ಸಿಗಲೇ ಇಲ್ಲ. ಹನ್ನೊಂದು ಲಕ್ಷದಷ್ಟು ಮನೆಗಳು ಹಾಳಾದವು. ನಗರದ ಹೊರವಲಯದ ಬಾಸ್ಪರ್ ಎಂಬಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶವಗಳನ್ನು ಸಾಮೂಹಿಕವಾಗಿ ಮಣ್ಣುಮಾಡಲಾಯಿತು.

ಇಷ್ಟು ಜನ ಏಕೆ ಸತ್ತರು? ಮುನ್ನೆಚ್ಚರಿಕೆ ಇರಲಿಲ್ಲವೇ? ಇತ್ತು. ಹವಾಮಾನ ಇಲಾಖೆ ಎಚ್ಚರಿಸಿತ್ತು, ಬಾನುಲಿ ಮತ್ತು ದೂರದರ್ಶನಗಳು ಅದನ್ನು ಸಾರಿದ್ದವು. ಆದರೆ ಆ ಎಚ್ಚರಿಕೆಯಲ್ಲಿ ಬಳಸಿದ ಪದ ‘ಸ್ಟಾರ್ಮ್ ಸರ್ಜ್’ ಎಂಬ ಇಂಗ್ಲಿಷ್ ಪದ. ಬಿರುಗಾಳಿಯ ಒತ್ತಡಕ್ಕೆ ಕಡಲು ಉಬ್ಬಿ ಊರೊಳಕ್ಕೆ ನುಗ್ಗುವುದೆಂದು ಅದರ ಅರ್ಥ. ವಾರಾಯ್ ಭಾಷೆಯಾಡುವ ಬಹುಮಂದಿಗೆ ಆ ಪದ ಏನನ್ನೂ ಹೇಳಲಿಲ್ಲ. ಎಂದಿನ ಬಿರುಗಾಳಿಯಂತೆ ಇದೂ ಒಂದು, ಮಾಡು ಭದ್ರಪಡಿಸಿಕೊಂಡರೆ ಸಾಕೆಂದು ಮನೆಯಲ್ಲೇ ಉಳಿದರು. ಕೆಲವು ಮನೆಗಳಲ್ಲಿ ಹೆಂಗಸರು, ಮಕ್ಕಳು ಆಶ್ರಯಕ್ಕೆ ಹೋಗಿ, ಗಂಡಸರು ಸಾಮಾನುಗಳ ಕಾವಲಿಗೆ ನಿಂತರು. ಆಶ್ರಯವೆಂದು ಗೊತ್ತುಮಾಡಿದ್ದ ಕಟ್ಟಡಗಳಲ್ಲೇ ಕೆಲವಕ್ಕೆ ನೀರು ನುಗ್ಗಿ ಅಲ್ಲಿಯೂ ಪ್ರಾಣಹಾನಿಯಾಯಿತು. “ಸುನಾಮಿಯಂತೆ ನೀರು ಬರುತ್ತದೆ ಎಂದು ಹೇಳಿದ್ದರೆ ಓಡಿಹೋಗುತ್ತಿದ್ದೆವು” ಎಂಬ ಅಳಲು ಬದುಕುಳಿದ ಅನೇಕರದಾಗಿತ್ತು.

ಇಲ್ಲಿ ಧರ್ಮಸಭೆಯ ಇತಿಹಾಸದ ಒಂದು ಪುಟವನ್ನು ನಾವು ನೆನೆಯಬೇಕು. ಯೇಸುಸಭೆಯ ಗುರುಗಳು 1865ರಲ್ಲಿ ಮನಿಲಾ ನಗರದಲ್ಲಿ ಹವಾಮಾನ ವೀಕ್ಷಣಾಲಯವೊಂದನ್ನು ಸ್ಥಾಪಿಸಿದ್ದರು. ಆ ಸಂಸ್ಥೆಯ ಫಾದರ್ ಫೆದೆರಿಕೊ ಫಾವುರಾ 1879ರಲ್ಲೇ ಚಂಡಮಾರುತದ ಮುನ್ಸೂಚನೆ ಪ್ರಕಟಿಸಿದ್ದರು. 1897ರ ಅಕ್ಟೋಬರಿನಲ್ಲಿ ಇದೇ ಸಮಾರ್ ಮತ್ತು ಲೆಯ್ಟೆಯನ್ನು ಭೀಕರ ಮಾರುತವೊಂದು ಬಡಿದು ಕಡಲು ಊರುಗಳಿಗೆ ನುಗ್ಗಿದಾಗ, ಫಾದರ್ ಹೊಸೆ ಅಲ್ಗುವೆ ಆ ಅನಾಹುತವನ್ನು ಅಭ್ಯಸಿಸಿ ಮರುವರ್ಷವೇ ಗ್ರಂಥವಾಗಿ ಬರೆದಿಟ್ಟರು. ಹೈಯಾನಿನ ನಂತರ ವಿಜ್ಞಾನಿಗಳು ಆ ಹಳೆಯ ಗ್ರಂಥವನ್ನು ಮತ್ತೆ ತೆರೆದು ನೋಡಿದರು. ನೂರ ಹದಿನಾರು ವರ್ಷಗಳ ಹಿಂದೆ ಒಬ್ಬ ಗುರು ದಾಖಲಿಸಿದ್ದ ಸಂಗತಿ ಗ್ರಂಥಭಂಡಾರದಲ್ಲಿತ್ತು. ಮೀನುಗಾರರ ಕೇರಿಯ ಆಡುಮಾತಿನಲ್ಲಿ ಅದು ಉಳಿದಿರಲಿಲ್ಲ.

ಪರಿಹಾರ ಕಾರ್ಯಕ್ಕೆ ಹೋಗುವವರಿಗೆ ಇದು ಮೊದಲ ಪಾಠ. ಜನರ ಭಾಷೆಗೆ ಇಳಿಯದ ಜ್ಞಾನ ಅವರನ್ನು ಉಳಿಸಲಾರದು. ಅಲ್ಲಿಗೆ ಹೋದ ಇಂಟರ್ನ್ ಮೊದಲ ತಿಂಗಳುಗಳಲ್ಲಿ ಮಾಡಬೇಕಾದ ದೊಡ್ಡ ಕೆಲಸ ಭಾಷೆ ಕಲಿಯುವುದು. ಟಕ್ಲೊಬಾನ್ ಕಡೆ ವಾರಾಯ್. ಅದೇ ದ್ವೀಪದ ಪಶ್ಚಿಮ ಭಾಗದಲ್ಲಿ ಸೆಬುವಾನೊ. ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ ನಿಜ. ಆದರೆ ಗುಡಾರದಲ್ಲಿ ಮಲಗಿರುವ ಅಜ್ಜಿಯ ನೋವು ಇಂಗ್ಲಿಷಿನಲ್ಲಿ ಇರುವುದಿಲ್ಲ.

ಮನೆಗಳೆಲ್ಲ ಹೋದವು, ಜನರೆಲ್ಲ ಉಳಿದರು

ಅದೇ ಮಾರುತದ ದಾರಿಯಲ್ಲಿ, ಸೆಬು ಪ್ರಾಂತ್ಯದ ಕಮೋಟೆಸ್ ದ್ವೀಪಗಳ ಬಳಿ, ತುಲಾಂಗ್ ಡಿಯೊಟ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿದ್ದ ಸುಮಾರು 500 ಮನೆಗಳೂ ನೆಲಸಮವಾದವು. ಆದರೆ ಸಾವಿರದಷ್ಟು ನಿವಾಸಿಗಳಲ್ಲಿ ಒಬ್ಬರೂ ಸಾಯಲಿಲ್ಲ. ಮಾರುತ ಬರುವ ಮುನ್ನವೇ ಅವರೆಲ್ಲ ದೋಣಿಗಳಲ್ಲಿ ಪಕ್ಕದ ದೊಡ್ಡ ದ್ವೀಪಕ್ಕೆ ಹೋಗಿಬಿಟ್ಟಿದ್ದರು.

ಇದು ಸಾಧ್ಯವಾದದ್ದು ‘ಪುರೊಕ್’ ಎಂಬ ನೆರೆಹೊರೆಯ ವ್ಯವಸ್ಥೆಯಿಂದ. ಆ ದ್ವೀಪ ಸೇರಿದ ಸ್ಯಾನ್ ಫ್ರಾನ್ಸಿಸ್ಕೊ ಪುರಸಭೆಯಲ್ಲಿ ಪ್ರತಿ ಹಳ್ಳಿಯನ್ನೂ ಕೆಲವೇ ಮನೆಗಳ ಗುಂಪುಗಳಾಗಿ ವಿಂಗಡಿಸಿದ್ದರು. ಪ್ರತಿ ಗುಂಪಿಗೂ ಅವರೇ ಆರಿಸಿದ ಮುಂದಾಳು, ಅವರೇ ಕೂಡಿಟ್ಟ ಹಣ, ಅವರದೇ ಸಭೆ. ಯಾವ ಮನೆಯಲ್ಲಿ ಎದ್ದು ನಡೆಯಲಾರದ ಮುದುಕರಿದ್ದಾರೆ, ಯಾವ ಮನೆಯಲ್ಲಿ ಬಸುರಿಯಿದ್ದಾಳೆ ಎಂಬುದು ಆ ಮುಂದಾಳಿಗೆ ಕಾಗದ ನೋಡದೆಯೇ ಗೊತ್ತಿರುತ್ತಿತ್ತು. ಈ ವ್ಯವಸ್ಥೆಗಾಗಿ 2011ರಲ್ಲೇ, ಎಂದರೆ ಹೈಯಾನಿಗೆ ಎರಡು ವರ್ಷ ಮೊದಲೇ, ಆ ಪುರಸಭೆಗೆ ವಿಶ್ವಸಂಸ್ಥೆಯ ಸಸಾಕಾವಾ ಪ್ರಶಸ್ತಿ ದೊರೆತಿತ್ತು.

ಮಂಗಳೂರು ಸೀಮೆಯ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ವಾಡೊಗಳಿವೆ, ಗುರ್ಕಾರರಿದ್ದಾರೆ, ಕಿರು ಕ್ರೈಸ್ತ ಸಮುದಾಯಗಳಿವೆ. ಹಬ್ಬದ ಕಾಣಿಕೆ ಎತ್ತಲು, ಜಪಮಾಲೆಗೆ ಮನೆ ಗೊತ್ತುಮಾಡಲು ಉಪಯೋಗವಾಗುವ ಈ ಏರ್ಪಾಡು ಆಪತ್ತಿನ ದಿನ ಪ್ರಾಣ ಉಳಿಸಬಲ್ಲದೆಂಬುದನ್ನು ತುಲಾಂಗ್ ಡಿಯೊಟ್ ತೋರಿಸಿಕೊಟ್ಟಿದೆ. ಹೊರಗಿನಿಂದ ಬಂದ ಯಾವ ಸ್ವಯಂಸೇವಕನೂ ಆ ಸಾವಿರ ಜನರನ್ನು ಉಳಿಸಲಿಲ್ಲ. ಅವರ ನೆರೆಹೊರೆ ಅವರನ್ನು ಉಳಿಸಿತು.

ಛತ್ರದವನು ಯಾರು?

ಸಮಾರಿಯದವನ ಸಾಮತಿ ನಮ್ಮ ಪುಟ್ಟ ಮಕ್ಕಳಿಗೂ ಗೊತ್ತು. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡು ಆತ ಮರುಗಿದ, ಗಾಯಗಳಿಗೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ವಾಹನಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ. ಪ್ರಸಂಗದಲ್ಲಿ ಸಾಮಾನ್ಯವಾಗಿ ನಾವು ಕೇಳುವುದು ಇಷ್ಟೇ. ಆದರೆ ಪ್ರಭು ಯೇಸು ಕಥೆಯನ್ನು ಅಲ್ಲಿಗೆ ನಿಲ್ಲಿಸಲಿಲ್ಲ. ಮರುದಿನ ಸಮಾರಿಯದವನು ಎರಡು ನಾಣ್ಯಗಳನ್ನು ಛತ್ರದವನ ಕೈಗೆ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆಂದು ಹೇಳಿ ಹೊರಟುಹೋದ. ಆಮೇಲೆ ಗಾಯಕ್ಕೆ ಮುಲಾಮು ಹಚ್ಚಿದವರು, ರಾತ್ರಿ ನರಳಿದಾಗ ನೀರು ಕೊಟ್ಟವರು, ಗಂಜಿ ಕಾಯಿಸಿದವರು ಯಾರು? ಆ ಛತ್ರದವನು. ಅವನಿಗೆ ಹೆಸರಿಲ್ಲ, ಅವನ ಮೇಲೆ ಪ್ರಸಂಗಗಳೂ ಇಲ್ಲ.

ಲೆಯ್ಟೆಯಲ್ಲಿ ಈ ಛತ್ರದವರನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಮಹಾಧರ್ಮಪ್ರಾಂತ್ಯದ ಕೇಂದ್ರವಾದ ಪಾಲೊ ಪಟ್ಟಣದ ಪ್ರಧಾನಾಲಯ ಮಾಡು ಕಳೆದುಕೊಂಡು ಬಯಲಾಗಿ ನಿಂತಿತ್ತು. ಅದೇ ಪಟ್ಟಣದ ಸ್ಯಾನ್ ಹೊವಾಕಿನ್ ದೇವಾಲಯದ ಅಂಗಳವೇ ನೂರಾರು ಮಂದಿಯ ಸಮಾಧಿಯಾಯಿತು. ಅಂಥ ಸ್ಥಿತಿಯಲ್ಲಿ ಮಾಡಿಲ್ಲದ ದೇವಾಲಯಗಳಲ್ಲಿ ಬಲಿಪೂಜೆ ಅರ್ಪಿಸಿದ ಗುರುಗಳು, ಗಾಯಾಳುಗಳ ಪಕ್ಕದಲ್ಲಿ ಕೂತ ಧರ್ಮಭಗಿನಿಯರು, ತಮ್ಮ ಮನೆಯೇ ಬಿದ್ದಿದ್ದರೂ ನೆರೆಮನೆಯವರ ಹೆಸರು ಬರೆದುಕೊಂಡು ಅಕ್ಕಿ ಹಂಚಿದ ಶ್ರೀಸಾಮಾನ್ಯರು, ಇವರೇ ಛತ್ರದವರು. ಇವರು ಚಂಡಮಾರುತಕ್ಕೆ ಮೊದಲೂ ಅಲ್ಲಿದ್ದರು. ಪರಿಹಾರ ಸಂಸ್ಥೆಗಳ ವಾಹನಗಳು ಹಿಂದಿರುಗಿದ ಮೇಲೂ ಅಲ್ಲಿಯೇ ಉಳಿದರು.

ಇದು ಧರ್ಮಸಭೆಯ ಸಾಮಾಜಿಕ ಬೋಧನೆಗೂ ಒಪ್ಪುವ ಮಾತು. ಸಣ್ಣ ಸಮುದಾಯವೊಂದು ತಾನೇ ಮಾಡಿಕೊಳ್ಳಬಲ್ಲ ಕೆಲಸವನ್ನು ಮೇಲಿನ ದೊಡ್ಡ ಸಂಸ್ಥೆ ಕಸಿದುಕೊಳ್ಳಬಾರದು. ಅದಕ್ಕೆ ಆಸರೆಯಾಗಿ ನಿಲ್ಲಬೇಕು ಎಂದು ಪೋಪ್ 11ನೇ ಪಿಯುಸ್ 1931ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಕಾರಿತಾಸ್ ಒಕ್ಕೂಟ ಆಯಾ ದೇಶದ ಕಾರಿತಾಸ್ ಹಾಗೂ ಧರ್ಮಪ್ರಾಂತ್ಯಗಳ ಮೂಲಕವೇ ನೆರವು ನೀಡುವುದರ ಹಿಂದೆ ಇರುವುದೂ ಇದೇ ತತ್ತ್ವ. ಆದುದರಿಂದ ಇಂಟರ್ನ್ ಆಗಿ ಹೋಗುವ ನಮ್ಮ ಮಕ್ಕಳು ತಾವು ಸಮಾರಿಯದವರೆಂದು ಭಾವಿಸಿ ಹೋಗುವುದಕ್ಕಿಂತ, ಛತ್ರದವನ ಕೈಕೆಳಗೆ ನೀರು ಹೊರುವ ಆಳುಗಳಾಗಿ ಹೋಗುವುದು ಲೇಸು.

ಕೈಗೆ ಬರುವ ಕೆಲಸ

ಹಾಗಾದರೆ ಅಲ್ಲಿ ಮಾಡುವ ಕೆಲಸವಾದರೂ ಏನು? ಚಿತ್ರಗಳಲ್ಲಿ ಕಾಣುವಂತೆ ಅಳುವ ಮಗುವನ್ನು ಎತ್ತಿಕೊಳ್ಳುವುದಲ್ಲ. ಇಂಟರ್ನ್ ಕೈಗೆ ಹೆಚ್ಚಾಗಿ ಬರುವುದು ನೋಟುಪುಸ್ತಕ. ಇಂಥ ಬರಾಂಗಾಯಿಯಲ್ಲಿ, ಎಂದರೆ ಹಳ್ಳಿಯಲ್ಲಿ, ಎಷ್ಟು ಕುಟುಂಬ, ಯಾರ ಮನೆ ಪೂರ್ತಿ ಹೋಗಿದೆ, ಯಾರದು ಅರ್ಧ ಉಳಿದಿದೆ, ಪಟ್ಟಿಯಲ್ಲಿ ಯಾರ ಹೆಸರು ಎರಡು ಸಲ ಬಂದಿದೆ, ಯಾವ ವಿಧವೆಯ ಹೆಸರು ಬಿಟ್ಟುಹೋಗಿದೆ, ಇದನ್ನು ಮನೆಯಿಂದ ಮನೆಗೆ ನಡೆದು ತಾಳೆ ನೋಡಬೇಕು. ಗೋದಾಮಿನಲ್ಲಿ ಟಾರ್ಪಾಲು, ತಗಡು, ಮೊಳೆಗಳ ಲೆಕ್ಕ ಇಡಬೇಕು. ಹಂಚುವ ದಿನ ಮುದುಕರನ್ನೂ ಬಸುರಿಯರನ್ನೂ ಬಿಸಿಲಿನಲ್ಲಿ ಸರತಿಯಲ್ಲಿ ನಿಲ್ಲಿಸದಂತೆ ನೋಡಿಕೊಳ್ಳಬೇಕು. ಜನರ ದೂರುಗಳನ್ನು ಬರೆದುಕೊಂಡು, ಉತ್ತರ ಸಿಕ್ಕಿದ ಮೇಲೆ ಅವರ ಬಳಿಗೆ ಮರಳಿ ಹೋಗಿ ತಿಳಿಸಬೇಕು. ಈ ಕೊನೆಯ ಕೆಲಸ ಬಹಳ ಮುಖ್ಯ. ಹತ್ತು ಸಂಸ್ಥೆಯವರು ಬಂದು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿ, ಒಬ್ಬರೂ ಹಿಂದಿರುಗಿ ಬಾರದಿದ್ದರೆ, ನೊಂದವರು ಎರಡನೆಯ ಸಲ ನೋಯುತ್ತಾರೆ.

ಮನೆ ಕಟ್ಟುವ ಕಡೆಯೂ ಕಲಿಯುವುದು ಬೇಕಾದಷ್ಟಿದೆ. ಬಿರುಗಾಳಿ ಮಾಡನ್ನು ಮೇಲಕ್ಕೆ ಎತ್ತಿ ಕಿತ್ತೊಗೆಯುತ್ತದೆ. ಆದ್ದರಿಂದ ಮಾಡಿನ ಮರವನ್ನು ಕಂಬಕ್ಕೆ ಲೋಹದ ಪಟ್ಟಿಯಿಂದ ಬಿಗಿಯಬೇಕು, ಕಂಬವನ್ನು ಬುನಾದಿಗೆ ಬಿಗಿಯಬೇಕು, ಗೋಡೆಯ ಚೌಕಟ್ಟಿಗೆ ಓರೆಯಾಗಿ ಮರದ ಆಸರೆ ಕೊಡಬೇಕು. ಲೆಯ್ಟೆಯ ಬಡಗಿಗಳು ಇದನ್ನು ತರಬೇತಿಯಲ್ಲಿ ಕಲಿತು, ಉರುಳಿಬಿದ್ದ ತೆಂಗಿನ ಕಾಂಡಗಳನ್ನೇ ಹಲಗೆಯಾಗಿ ಕೊಯ್ದು ಮನೆಗಳನ್ನು ಎಬ್ಬಿಸಿದರು. ಊರಿನ ಬಡಗಿಗೆ ಕೂಲಿ ಸಿಗುವ ಕಡೆ, ಸುತ್ತಿಗೆ ಹಿಡಿಯಲು ಬಾರದ ಪದವೀಧರ ಹೋಗಿ ಮೊಳೆ ಹೊಡೆದು ಚಿತ್ರ ತೆಗೆಸಿಕೊಂಡರೆ ಅದು ಸೇವೆಯಾಗದು. ಬಡವನ ಅನ್ನಕ್ಕೆ ಕೈಹಾಕಿದಂತಾದೀತು.

ತೈವಾನ್ ಮೂಲದ ತ್ಸು ಚಿ ಎಂಬ ಬೌದ್ಧ ಸಂಸ್ಥೆ ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತಿತ್ತು. ಟಕ್ಲೊಬಾನಿನ ಬೀದಿಗಳಲ್ಲಿ ಬಿದ್ದಿದ್ದ ಅವಶೇಷಗಳನ್ನು ತೆರವುಗೊಳಿಸಲು ಅದು ಹೊರಗಿನವರನ್ನು ಕರೆತರಲಿಲ್ಲ. ಮನೆ ಕಳೆದುಕೊಂಡವರಿಗೇ ದಿನಕ್ಕೆ 500 ಪೆಸೊ ಕೂಲಿ ಕೊಟ್ಟು ಅವರ ಊರನ್ನು ಅವರಿಂದಲೇ ಶುಚಿಗೊಳಿಸಿತು. ಜನರ ಕೈಗೆ ಹಣ ಬಂದಿತು, ಅಂಗಡಿಗಳು ಮತ್ತೆ ತೆರೆದವು. ಅದೇ ಸಂಸ್ಥೆ ಟಕ್ಲೊಬಾನಿನ ಸಾಂತೊ ನಿನ್ಯೊ ದೇವಾಲಯದ, ಎಂದರೆ ಬಾಲಯೇಸುವಿನ ದೇವಾಲಯದ ದುರಸ್ತಿಗೂ ನೆರವಾಯಿತೆಂಬುದನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು. ನೆರವಿಗೆ ಧರ್ಮಭೇದವಿಲ್ಲ, ನೆರವನ್ನು ಮತಪ್ರಚಾರದ ಸಾಧನವಾಗಿ ಬಳಸಬಾರದು ಎಂಬ ನಿಯಮಸಂಹಿತೆಯನ್ನು ರೆಡ್‌ಕ್ರಾಸ್ ಮೊದಲಾದ ಸಂಸ್ಥೆಗಳೊಡನೆ ಕಾರಿತಾಸ್ ಕೂಡ 1994ರಲ್ಲಿ ಒಪ್ಪಿಕೊಂಡಿದೆ. ಕ್ರೈಸ್ತ ಸಂಸ್ಥೆಯ ಇಂಟರ್ನ್ ಮೊದಲ ದಿನವೇ ಕಲಿಯಬೇಕಾದ ಪಾಠವಿದು.

ಹೆತ್ತವರ ಅಂಜಿಕೆ

ಇನ್ನು ಹೆತ್ತವರ ಅಂಜಿಕೆಯ ಮಾತು. ಅದನ್ನು ನಾವು ಹಗುರವಾಗಿ ಕಾಣಲಾರೆವು.

2015ರ ಜನವರಿ 17ರಂದು ಪೋಪ್ ಫ್ರಾನ್ಸಿಸ್ ಟಕ್ಲೊಬಾನಿಗೆ ಬಂದರು. ಅಂದು ಮತ್ತೊಂದು ಬಿರುಗಾಳಿ ದ್ವೀಪವನ್ನು ಸಮೀಪಿಸುತ್ತಿತ್ತು. ವಿಮಾನ ನಿಲ್ದಾಣದ ಬಯಲಿನಲ್ಲಿ, ಸುರಿಯುವ ಮಳೆಯಲ್ಲಿ, ಜನರು ತೊಟ್ಟಂಥದೇ ಹಳದಿ ಮಳೆಯಂಗಿ ತೊಟ್ಟು ಅವರು ಬಲಿಪೂಜೆ ಅರ್ಪಿಸಿದರು. ಬರೆದು ತಂದಿದ್ದ ಪ್ರಸಂಗವನ್ನು ಬದಿಗಿಟ್ಟು ತಮ್ಮ ತಾಯ್ನುಡಿಯಾದ ಸ್ಪ್ಯಾನಿಷ್‌ನಲ್ಲೇ ಮಾತಾಡಿದರು. ಸರ್ವಸ್ವ ಕಳೆದುಕೊಂಡವರಿಗೆ ತಾವು ಏನು ಹೇಳಬಲ್ಲೆವೆಂದು ತಿಳಿಯದು, ಮೌನವಾಗಿ ನಿಮ್ಮೊಡನೆ ನಡೆಯುತ್ತೇನೆ ಎಂಬ ಅರ್ಥದ ಮಾತುಗಳು ಅವು. 2025ರ ಏಪ್ರಿಲ್ 21ರಂದು ಪ್ರಭುವಿನಲ್ಲಿ ನಿದ್ರೆಹೋದ ಆ ಪೋಪರ ಬದುಕಿನಲ್ಲಿ ಟಕ್ಲೊಬಾನಿನ ಆ ಮುಂಜಾನೆ ಮರೆಯಲಾಗದ್ದು.

ಆದರೆ ಅದೇ ದಿನ ಪೂಜೆ ಮುಗಿದ ಬಳಿಕ ಗಾಳಿಗೆ ಒಂದು ಉಕ್ಕಿನ ಅಟ್ಟಣಿಗೆ ಉರುಳಿ ಯುವತಿಯೊಬ್ಬಳು ಮೃತಪಟ್ಟಳು. ಆಕೆಗೆ 27 ವರ್ಷ. ಕ್ಯಾಥೊಲಿಕ್ ರಿಲೀಫ್ ಸರ್ವೀಸಸ್ ಎಂಬ ಪರಿಹಾರ ಸಂಸ್ಥೆಯ ಕಾರ್ಯಕರ್ತೆ. ಅಂದಿನ ಪೂಜೆಗೆ ಸ್ವಯಂಸೇವಕಿಯಾಗಿ ನಿಂತಿದ್ದಳು. ತಂದೆತಾಯಿಗೆ ಒಬ್ಬಳೇ ಮಗಳು. ಮರುದಿನ ಮನಿಲಾದಲ್ಲಿ ಯುವಜನರೊಡನೆ ನಡೆದ ಭೇಟಿಯಲ್ಲಿ ಪೋಪ್ ಫ್ರಾನ್ಸಿಸ್ ಆಕೆಯ ಹೆಸರು ಹೇಳಿ, ಎಲ್ಲರನ್ನೂ ಮೌನವಾಗಿ ಪ್ರಾರ್ಥಿಸಲು ಕೇಳಿಕೊಂಡರು. ಆಕೆಯ ತಂದೆಯನ್ನು ಬಳಿಗೆ ಕರೆಸಿ ಸಂತೈಸಿದರು.

ಆಕೆ ಹೊರಗಿನವಳಲ್ಲ, ಆ ದೇಶದವಳೇ. ಆದರೂ ಆ ತಂದೆಯ ದುಃಖದಲ್ಲಿ ಮಕ್ಕಳನ್ನು ಸೇವೆಗೆ ಕಳುಹಿಸುವ ಪ್ರತಿಯೊಬ್ಬ ತಂದೆಯ ಅಂಜಿಕೆಯೂ ಇದೆ. ಸೇವೆಗೆ ಹೋದವರಿಗೆ ಕೇಡಾಗದೆಂದು ದೇವರು ಮಾತು ಕೊಟ್ಟಿಲ್ಲ. ಹೀಗಿರುವಾಗ ಕಳುಹಿಸುವ ಸಂಸ್ಥೆಯ ಮೇಲೆಯೂ ಮನೆಯವರ ಮೇಲೆಯೂ ಎಚ್ಚರದ ಹೊಣೆ ಇನ್ನಷ್ಟು ಹೆಚ್ಚು. ದೇವರ ಮೇಲೆ ಭರವಸೆಯಿಡುವುದು ಬೇರೆ, ಮಾಡಬೇಕಾದ ಸಿದ್ಧತೆಯನ್ನು ಮಾಡದೆ ದೇವರ ಮೇಲೆ ಹಾಕುವುದು ಬೇರೆ.

ಹೊರಡುವ ಮುನ್ನ ಕೇಳಬೇಕಾದದ್ದು

ಈ ಕಾರಣದಿಂದ, ಮನೆಯಲ್ಲಿ ಇಂಥ ಮಾತು ಬಂದಾಗ ಬೇಡವೆಂದು ಬಾಯಿ ಮುಚ್ಚಿಸುವ ಮುನ್ನ, ಸರಿಯೆಂದು ಹರಸಿ ಕಳುಹಿಸುವ ಮುನ್ನವೂ, ಕುಟುಂಬವೆಲ್ಲ ಒಟ್ಟಿಗೆ ಕುಳಿತು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಮ್ಮ ಸಲಹೆ.

ಮೊದಲನೆಯದು, ಕರೆದವರು ಯಾರು? ಅಲ್ಲಿಯ ಧರ್ಮಪ್ರಾಂತ್ಯವೋ ಸ್ಥಳೀಯ ಸಂಸ್ಥೆಯೋ ತನಗೆ ಇಂಥ ಕೆಲಸಕ್ಕೆ ಇಂಥವರು ಬೇಕೆಂದು ಕೇಳಿದೆಯೇ? ಅಥವಾ ನಾವೇ ಹೋಗಬೇಕೆಂದು ಹಟ ಹಿಡಿದು ಕೆಲಸ ಹುಡುಕುತ್ತಿದ್ದೇವೆಯೇ? ಕರೆಯದೆ ಹೋದ ಅತಿಥಿಗೂ ಊಟ ಬೇಕು, ನೀರು ಬೇಕು, ಮಲಗಲು ಜಾಗ ಬೇಕು. ಟಕ್ಲೊಬಾನಿನ ಮೊದಲ ವಾರಗಳಲ್ಲಿ ಇವು ಮೂರೂ ದುರ್ಲಭವಾಗಿದ್ದವು.

ಎರಡನೆಯದು, ಹೋಗುವುದು ಯಾವಾಗ, ಎಷ್ಟು ಕಾಲಕ್ಕೆ? ಆಪತ್ತಿನ ಮರುದಿನ ಬೇಕಾದವರು ವೈದ್ಯರು, ದಾದಿಯರು, ನೀರು ಶುದ್ಧಿ ಮಾಡಬಲ್ಲವರು. ಕಲಿಯುವವರ ಕಾಲ ಬರುವುದು ಆಮೇಲೆ, ಛಾಯಾಗ್ರಾಹಕರು ಮರಳಿದ ನಂತರದ ಎರಡನೆಯ, ಮೂರನೆಯ ವರ್ಷಗಳಲ್ಲಿ. ಟಕ್ಲೊಬಾನಿನಲ್ಲಿ ಕಡಲಂಚಿನ 40 ಮೀಟರಿನೊಳಗೆ ಮನೆ ಕಟ್ಟಕೂಡದೆಂದು ವಿಧಿಸಿ, ಸಾವಿರಾರು ಕುಟುಂಬಗಳಿಗೆ ನಗರದ ಉತ್ತರದ ದಿಬ್ಬಗಳಲ್ಲಿ ಮನೆ ಕಟ್ಟಿಸುವ ಯೋಜನೆ ಹಾಕಲಾಯಿತು. ಮನೆಗಳು ಎದ್ದ ಮೇಲೆಯೂ ಅಲ್ಲಿ ವರ್ಷಗಟ್ಟಲೆ ನೀರಿನ ಅಭಾವ. ಮೀನುಗಾರನಿಗೆ ಕಡಲು ದೂರ. ಇಂಥ ಸಿಕ್ಕುಗಳು ಎರಡು ವಾರದ ಪ್ರವಾಸಿಗನಿಗೆ ಕಾಣಿಸುವುದೇ ಇಲ್ಲ. ಎರಡು ವಾರಕ್ಕೆ ಬಂದವನದು ಉಂಡೂ ಹೋದ ಕೊಂಡೂ ಹೋದ ಎಂಬ ಕಥೆಯಾಗಬಾರದು.

ಮೂರನೆಯದು, ಕೈಯಲ್ಲಿ ಏನಿದೆ? ಲೆಕ್ಕಪತ್ರ, ಶುಶ್ರೂಷೆ, ಕೃಷಿ, ಎಂಜಿನಿಯರಿಂಗ್, ಕಂಪ್ಯೂಟರ್, ಸಮಾಜಕಾರ್ಯ ಇವುಗಳಲ್ಲಿ ಒಂದಾದರೂ ಬಾರದಿದ್ದರೆ, ಮೊದಲು ನಮ್ಮಲ್ಲಿಯೇ ಅದನ್ನು ಕಲಿಯುವುದು ಉಚಿತ. ಭಾಷೆ ಕಲಿಯುವ ತಾಳ್ಮೆಯೂ ಇದರಲ್ಲಿ ಸೇರಿದೆ.

ನಾಲ್ಕನೆಯದು, ಅಲ್ಲಿ ನೋಡಿಕೊಳ್ಳುವವರು ಯಾರು? ಯಾರ ಮೇಲ್ವಿಚಾರಣೆಯಲ್ಲಿ ಕೆಲಸ, ವಾಸ ಎಲ್ಲಿ, ಕಾಯಿಲೆಯಾದರೆ ಯಾವ ಆಸ್ಪತ್ರೆ, ವಿಮೆ ಇದೆಯೇ, ಧನುರ್ವಾಯು ಮತ್ತು ವಿಷಮಶೀತಜ್ವರದ ಚುಚ್ಚುಮದ್ದು ಆಗಿದೆಯೇ? ಉಷ್ಣವಲಯದ ದ್ವೀಪಗಳಲ್ಲಿ ನೆರೆನೀರು ನಿಂತಾಗ ಇಲಿಜ್ವರ ಮತ್ತು ಡೆಂಗಿಯ ಭಯವಿರುತ್ತದೆ. ಮಕ್ಕಳ ರಕ್ಷಣೆಯ ಬಗ್ಗೆ ಸಂಸ್ಥೆಗೆ ಲಿಖಿತ ನಿಯಮಗಳಿವೆಯೇ? ಅನಾಥ ಮಕ್ಕಳ ಚಿತ್ರ ತೆಗೆದು ಊರಿಗೆಲ್ಲ ಹಂಚುವುದನ್ನು ಒಳ್ಳೆಯ ಸಂಸ್ಥೆ ಎಂದೂ ಒಪ್ಪದು.

ಕೊನೆಯದು, ಹಿಂದಿರುಗಿದ ಮೇಲೇನು? ಸಮಾರಿಯದವನು ಮರಳಿ ಬರುತ್ತೇನೆಂದು ಮಾತು ಕೊಟ್ಟಿದ್ದ. ನಮ್ಮ ಮಕ್ಕಳು ಅಲ್ಲಿಂದ ಬಂದ ಮೇಲೆ ಆ ಊರಿನ ನೆನಪನ್ನು ಕೇವಲ ಬಾಯೊದೆಯಾಗಿ ಇಟ್ಟುಕೊಳ್ಳದೆ, ಕಲಿತದ್ದನ್ನು ನಮ್ಮ ಧರ್ಮಕೇಂದ್ರಕ್ಕೆ ತರಬೇಕು. ನಮ್ಮ ಕರಾವಳಿಗೂ ಬಿರುಗಾಳಿ ಹೊಸತಲ್ಲ, ಮಲೆನಾಡಿಗೂ ಕೊಡಗಿಗೂ ಭೂಕುಸಿತ ಹೊಸತಲ್ಲ. ನಮ್ಮ ವಾಡೊದಲ್ಲಿ ನಡೆಯಲಾರದವರು ಯಾರು, ದೋಣಿಯಿರುವವರು ಯಾರು, ಎತ್ತರದ ಗಟ್ಟಿ ಕಟ್ಟಡ ಯಾವುದು ಎಂಬ ಪಟ್ಟಿಯನ್ನು ಲೆಯ್ಟೆಯಲ್ಲಿ ಒಂದು ವರ್ಷ ಪಟ್ಟಿ ಬರೆದವಳಿಗಿಂತ ಚೆನ್ನಾಗಿ ಬರೆಯಬಲ್ಲವರು ಯಾರು?

ತೆಂಗಿನ ಸಸಿಯ ಲೆಕ್ಕ

ಹೈಯಾನಿನಲ್ಲಿ ಸುಮಾರು 3 ಕೋಟಿ 30 ಲಕ್ಷ ತೆಂಗಿನ ಮರಗಳು ಬಿದ್ದವು ಇಲ್ಲವೇ ಹಾಳಾದವು. ತೆಂಗು ಬೆಳೆಯುವ ನಮ್ಮವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಬಿದ್ದ ಕಾಂಡಗಳನ್ನು ಬೇಗನೆ ಸಾಗಿಸದಿದ್ದರೆ ಅವುಗಳಲ್ಲಿ ಕುರುವಾಯಿ ಕೀಟ ಸಂತಾನ ಬೆಳೆಸಿ ಉಳಿದ ಮರಗಳನ್ನೂ ತಿನ್ನುತ್ತದೆ. ಹೊಸದಾಗಿ ನೆಟ್ಟ ಎತ್ತರದ ತಳಿ ಫಲಕ್ಕೆ ಬರಲು ಆರರಿಂದ ಎಂಟು ವರ್ಷ ಬೇಕು. ಅಲ್ಲಿಯವರೆಗೆ ಸಂಸಾರ ನಡೆಯಬೇಕಲ್ಲ? ಆದುದರಿಂದ ಸಸಿಗಳ ನಡುವೆ ತರಕಾರಿ, ಗೆಡ್ಡೆಗೆಣಸು ಬೆಳೆಯುವುದಕ್ಕೆ ರೈತರಿಗೆ ಬೀಜ ಮತ್ತು ಉಪಕರಣಗಳನ್ನು ಒದಗಿಸಲಾಯಿತು.

ಬೀಜ ಹಂಚಿ, ಸಸಿ ಎಣಿಸಿ, ಹೆಸರಿನ ಮುಂದೆ ಗುರುತು ಹಾಕುವಂಥ ಕೆಲಸವೇ ಇಂಟರ್ನ್‌ಗಳಿಗೆ ಬರುವುದು. 2014ರಲ್ಲಿ ಅಂಥ ಒಂದು ತೋಟದಲ್ಲಿ ಸಸಿ ಎಣಿಸಿದವರು ವರ್ಷ ತುಂಬಿದ ಮೇಲೆ ತಮ್ಮ ಊರಿಗೆ ಮರಳಿರುತ್ತಾರೆ. ಆಗ ಸಸಿ ಮೊಣಕಾಲೆತ್ತರ ಇದ್ದೀತು. ಬದುಕಿ ಬೆಳೆದ ಸಸಿಗಳು ಈಗ ಕಾಯಿ ಬಿಡುವ ಮರಗಳಾಗಿ ವರ್ಷಗಳೇ ಕಳೆದಿರಬೇಕು. ಕಾಯಿ ಕೀಳುವ ರೈತನಿಗೆ ಎಣಿಸಿದವರ ಹೆಸರು ನೆನಪಿರಲಾರದು, ಇರಬೇಕಾದ ಅಗತ್ಯವೂ ಇಲ್ಲ. ಆ ತೋಟ ಅವನದು, ನೆಟ್ಟ ಕೈಯೂ ಅವನದೇ.